ಹೂಳು ಎತ್ತಿ, ಹಕ್ಕಿಯ ಪಾಲು ಬಿಡಿ



ಬಸ್ತಿಹಳ್ಳಿಯ ಬಸದಿಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ನುಣುಪು ಕಂಬಗಳಲ್ಲಿ ತಮ್ಮ ನೆರಳು ನೋಡಿಕೊಂಡು ಹಿಂತಿರುಗುತ್ತಾರೆ. ಪಕ್ಕದ ದೋರಸಮುದ್ರದ ಕೆರೆಯತ್ತ ಕಣ್ಣು ಹಾಯಿಸುವವರು ಕಡಿಮೆ. ಹಳೇಬೀಡಿನ ಹಳೆಯ ಹೆಸರೇ ಆ ಕೆರೆಯ ಹೆಸರು. ಇದಕ್ಕೆ ನೀರು ಬರಲೆಂದು ರಣಘಟ್ಟ ಯೋಜನೆಗಾಗಿ ಈ ಭಾಗದ ರೈತರು 2019ರಲ್ಲಿ ಬೀದಿಗಿಳಿದರು. ನೀರಿಗಾಗಿ ಇಷ್ಟು ಬಡಿದಾಡುವ ನಾವು, ನೀರು ಬಂದ ಮೇಲೆ ಕೆರೆಗೆ ಯಾರಾರು ಬರುತ್ತಾರೆಂದು ಗಮನಿಸುವುದಿಲ್ಲ.

ಮುಂಗಾರು ಹಿಡಿದು ಉಳುಮೆ ನಡೆಯುವಾಗ ನೇಗಿಲ ಹಿಂದೆ ಬರುವ ಬೆಳ್ಳಕ್ಕಿಯ ತಲೆ ಕತ್ತು ಕಿತ್ತಳೆ ಬಣ್ಣಕ್ಕೆ ತಿರುಗಿರುವುದನ್ನು ನೀವು ಕಂಡಿರಬಹುದು. ಅದು ಬೇರೆ ಜಾತಿಯಲ್ಲ, ಗೂಡು ಕಟ್ಟುವ ಕಾಲದ ಬಣ್ಣ. ಹಸ್ತ, ಚಿತ್ತೆ ಮಳೆಗಳ ಹೊತ್ತಿಗೆ ಉತ್ತರದ ಚಳಿದೇಶಗಳ ಹಕ್ಕಿಗಳು ನಮ್ಮ ಕಡೆ ಇಳಿಯತೊಡಗುತ್ತವೆ. ಬಾಲ ಕುಣಿಸುತ್ತ ಕೆಸರಿನ ಮೇಲೆ ಓಡಾಡುವ ಪುಟ್ಟ ಹಳದಿ ಹಕ್ಕಿ ಮೊದಲು, ಬಾತುಗಳು ಆಮೇಲೆ. ಸಂಕ್ರಾಂತಿಯ ಹಿಂದುಮುಂದು ಬೆಳಗಿನ ಮಂಜಿನಲ್ಲಿ ಏರಿಯ ಮೇಲೆ ನಿಂತರೆ ಸಾಕು, ದುರ್ಬೀನು ಬೇಕಿಲ್ಲ. ನೀರುಕಾಗೆ ರೆಕ್ಕೆ ಬಿಚ್ಚಿ ಬಿಸಿಲಿಗೆ ಹಿಡಿದು ಕೂತಿರುತ್ತದೆ. ಯುಗಾದಿಯ ಹೊತ್ತಿಗೆ ಹೊರಗಿನವು ಹೊರಡುತ್ತವೆ. ನೀರು ಇಂಗಿ ಗುಂಡಿ ಗುಂಡಿಯಾದಾಗ ಕೊಕ್ಕರೆಗಳು ಉಳಿದ ಮೀನಿಗೆ ಮುಗಿಬೀಳುತ್ತವೆ. ಟಿಟ್ಟಿಭ ಮಾತ್ರ ಗೂಡಿನ ಗೊಡವೆಯೇ ಇಲ್ಲದೆ ಒಣಗಿದ ಕೆರೆಯಂಗಳದಲ್ಲಿ ಬೆಣಚುಕಲ್ಲಿನಂಥ ನಾಲ್ಕು ಮೊಟ್ಟೆ ಇಡುತ್ತದೆ.

ಹೂಳೆತ್ತುವ ಯಂತ್ರ ಇಳಿಯುವುದೂ ಆ ಬೇಸಿಗೆಯಲ್ಲೇ. ನನ್ನ ಮಾತಿರುವುದು ಇಲ್ಲಿ.

ಹೂಳು ತೆಗೆಯಬಾರದೆಂದು ನಾನು ಹೇಳುತ್ತಿಲ್ಲ. ತೆಗೆಯಲೇಬೇಕು, ತೆಂಗಿನ ಬುಡಕ್ಕೆ ಕೆರೆಗೋಡು ಹಾಕಿದವರಿಗೆ ಅದರ ಗುಣ ನಾನು ಹೇಳಬೇಕಾಗಿಲ್ಲ. ಆದರೆ ಕೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ಬಾಣಲೆಯ ಹಾಗೆ ಬಗೆಯುವುದು ಯಾವ ಲೆಕ್ಕ? ಕೊಕ್ಕರೆ ಈಜುವ ಹಕ್ಕಿಯಲ್ಲ, ನಿಂತು ಮೇಯುವ ಹಕ್ಕಿ. ಅದಕ್ಕೆ ಮೊಣಕಾಲು ಮುಳುಗದಷ್ಟು ನೀರು ಬೇಕು. ದಡ ಕಡಿದಾದರೆ ಕೆರೆ ತುಂಬಿದ್ದರೂ ಅದರ ಪಾಲಿಗೆ ಬರಿದು. ಹಕ್ಕಿಯ ಮಾತು ಬಿಡಿ, ನಿಮ್ಮ ಎಮ್ಮೆಗೂ ಇದೇ ಪಾಡು. ಹೀಗೆ ಬಗೆದ ಒಂದು ಕೆರೆಯಲ್ಲಿ ನೀರಿಗಿಳಿದ ಎಮ್ಮೆ ದಡ ಹತ್ತಲಾರದೆ ಸಂಜೆಯವರೆಗೆ ಒದ್ದಾಡಿದ್ದನ್ನು ನಾನೇ ನೋಡಿದ್ದೇನೆ. ಹಗ್ಗ ಕಟ್ಟಿ ಎಳೆಯಲು ಎಂಟು ಮಂದಿ ಬೇಕಾಯಿತು.

ಇನ್ನೊಂದು ಲೆಕ್ಕವೂ ಉಂಟು. ಹಳ್ಳ ಕೆರೆಗೆ ಸೇರುವ ಕಡೆ ಮೊದಲು ನಿಲ್ಲುವುದು ಮರಳು, ನೊರಜು. ನುಣ್ಣನೆಯ ಗೋಡು ತೇಲಿಬಂದು ಆಳದಲ್ಲಿ ತಂಗುತ್ತದೆ. ಅಂದರೆ ನಿಮ್ಮ ಹೊಲಕ್ಕೆ ಬೇಕಾದದ್ದು ಒಂದು ಕಡೆ, ಹಕ್ಕಿಗೆ ಬೇಕಾದ ತೆಳುನೀರು ಇನ್ನೊಂದು ಕಡೆ. ಜಗಳಕ್ಕೆ ಕಾರಣವೇ ಇಲ್ಲ. (ಗೋಡಿನ ಆಸೆಗೆ ಏರಿಯ ಬುಡಕ್ಕೇ ಕೈ ಹಾಕುವವರೂ ಇದ್ದಾರೆ, ಅವರಿಗೆ ಮುಂದಿನ ಮಳೆಯೇ ಉತ್ತರ ಹೇಳುತ್ತದೆ.)

ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ನಮ್ಮ ಕೆರೆಗಳಂತೆಯೇ ಬೇಸಾಯಕ್ಕೆಂದು ಕಟ್ಟಿದ ಕೆರೆ, ಸುಮಾರು 244 ಎಕರೆಯದು. ಕೆರೆಯಂಗಳದ ಕರಿಜಾಲಿ ಮರಗಳನ್ನು ಹಾಗೇ ಬಿಟ್ಟದ್ದರಿಂದ, ನೀರಿನ ನಡುವೆ ನಿಂತ ಆ ಮರಗಳಲ್ಲಿ ಹಕ್ಕಿಗಳು ಸಾವಿರಗಟ್ಟಲೆ ಗೂಡು ಕಟ್ಟಿದವು. 2024ರಲ್ಲಿ ಆ ಕೆರೆ ರಾಮ್ಸಾರ್ ಎಂಬ ಜಗತ್ತಿನ ಜೌಗುಪ್ರದೇಶಗಳ ಪಟ್ಟಿಯಲ್ಲಿ ಪ್ರಕಟವಾಯಿತು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಂತೂ ಹೆಜ್ಜಾರ್ಲೆಗಳು ಮನೆಯಂಗಳದ ಹುಣಸೆಮರದಲ್ಲೇ ಸಂಸಾರ ಹೂಡುತ್ತವೆ. ಅವುಗಳ ಹಿಕ್ಕೆಯನ್ನು ಅಲ್ಲಿಯವರು ಗೊಬ್ಬರವಾಗಿ ಹೊಲಕ್ಕೆ ಸಾಗಿಸಿದ್ದಾರೆ.

ಹಕ್ಕಿಯಿಂದ ನಷ್ಟವೇ ಇಲ್ಲವೆಂದರೆ ಸುಳ್ಳಾದೀತು. ಮೀನು ಹಿಡಿಯಲು ಕೆರೆ ಗುತ್ತಿಗೆ ಪಡೆದವನಿಗೆ ನೀರುಕಾಗೆಯ ಹಿಂಡು ಕಂಡರೆ ಹೊಟ್ಟೆ ಉರಿಯುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಸುತ್ತಲಿನ ಹೊಲಗಳಿಗೂ ಇಳಿಯುತ್ತವೆ. ಇಂಥ ಕಡೆ ರೈತನ ನಷ್ಟಕ್ಕೆ ಸರ್ಕಾರ ಪರಿಹಾರ ಕೊಡಬೇಕು. ಹಕ್ಕಿ ನಾಡಿನದಾದರೆ ನಷ್ಟ ಒಬ್ಬ ರೈತನದೇ ಏಕೆ? ಆದರೆ ಅದೇ ಸಿಟ್ಟಿನಲ್ಲಿ ಕಾಳಿಗೆ ವಿಷ ಬೆರೆಸಿ ಚೆಲ್ಲುವುದಿದೆಯಲ್ಲ, ಅದನ್ನು ನಾನು ಒಪ್ಪಲಾರೆ. ಆ ನೀರನ್ನೇ ನಮ್ಮ ದನ ಕುಡಿಯುತ್ತವೆ.

ನಿಮ್ಮೂರ ಕೆರೆಗೆ ಹೂಳೆತ್ತುವ ಸರದಿ ಬಂದಾಗ ಹಿರಿಯರು ನಾಲ್ಕು ಜನ ಮುಂಚಿತವಾಗಿ ಕೆರೆಯಂಗಳಕ್ಕೆ ಇಳಿಯಿರಿ. ಹಳ್ಳ ಸೇರುವ ಕಡೆಯ ತೆಳುನೀರಿನ ಜಾಗ ಎಲ್ಲಿಯವರೆಗೆಂದು ಗೂಟ ಹೊಡೆಯಿರಿ. ಉಳಿಸುವ ಮರಗಳಿಗೆ ಸುಣ್ಣ ಬಳಿಯಿರಿ. ಯಂತ್ರದವನಿಗೆ ಬಾಡಿಗೆ ಮಾತಾಡುವಾಗಲೇ ಗೂಟದಿಂದಾಚೆ ಬರಕೂಡದೆಂದು ಹೇಳಿ, ಮೊದಲ ದಿನ ಒಬ್ಬರು ಅಲ್ಲೇ ನಿಂತಿರಿ.