ಈ ಸಲ ನೆಲವೇ ಡೊಂಕು

ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದ್ದೀರಿ. ಇನ್‌ಸ್ಟಾಲ್ ಸಲೀಸಾಗಿ ಮುಗೀತು. ಪರದೆ ಚೆನ್ನಾಗಿದೆ, ಕೀಲಿಮಣೆ ಕೆಲಸ ಮಾಡುತ್ತೆ, ಸ್ಪೀಕರಲ್ಲಿ ಹಾಡೂ ಬರುತ್ತೆ. ಮೂಲೆಯಲ್ಲಿ ಇರಬೇಕಾದ ವೈಫೈ ಚಿಹ್ನೆ ಮಾತ್ರ ಇಲ್ಲ. ಸೆಟ್ಟಿಂಗ್ಸ್ ತೆಗೆದು ನೋಡಿದರೆ ಅಡಾಪ್ಟರೇ ಸಿಗಲಿಲ್ಲ ಅನ್ನುತ್ತೆ.

ಆಗ ನಿಮ್ಮ ಕಿವಿಗೆ ಬೀಳುವುದು ಎರಡೇ ಮಾತು. ವಿಂಡೋಸ್ ಬಳಸುವ ಗೆಳೆಯರು, "ಲಿನಕ್ಸ್ ಎಲ್ಲಾ ನಮ್ಮಂಥವರಿಗಲ್ಲ ಕಣ್ರೀ, ಹೊಸ ಲ್ಯಾಪ್‌ಟಾಪ್ ತಗೊಳ್ಳಿ" ಅಂತಾರೆ. ಲಿನಕ್ಸ್ ಪಂಡಿತರು, "ಮೊದಲೇ ವಿಚಾರಿಸಿ ಸರಿಯಾದ ಲ್ಯಾಪ್‌ಟಾಪ್ ತಗೋಬೇಕಿತ್ತು" ಅಂತಾರೆ. ಗಮನಿಸಿ, ಇಬ್ಬರ ಪ್ರಕಾರವೂ ತಪ್ಪು ನಿಮ್ಮದೇ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಮ್ಮಲ್ಲಿ ಗಾದೆ ಇದೆ. ಇಲ್ಲೇ ಹುಟ್ಟಿ ಬೆಳೆದು ಈಗ ಕನ್ನಡ ಕಲೀತಿರೋರಿಗೆ ಹೇಳ್ತೀನಿ: ತನಗೆ ಕುಣಿಯೋಕೆ ಬರಲ್ಲ ಅನ್ನೋದನ್ನು ಮುಚ್ಚಿಕೊಂಡು ನೆಲದ ಮೇಲೆ ದೂರು ಹಾಕುವವರನ್ನು ಹೀಗೆ ಗೇಲಿ ಮಾಡ್ತೀವಿ. ಗಾದೆ ಎಷ್ಟೋ ಕಡೆ ನಿಜ. ಆದರೆ ವೈಫೈ ಕಾರ್ಡಿನ ವಿಷಯದಲ್ಲಿ ನನ್ನ ವಾದ ತಿರುಗಾಮುರುಗಾ. ಇಲ್ಲಿ ಕುಣಿಯುವವರದ್ದೇನೂ ತಪ್ಪಿಲ್ಲ. ನೆಲ ನಿಜವಾಗಿಯೂ ಡೊಂಕಾಗಿದೆ. ಅದನ್ನು ಡೊಂಕು ಮಾಡಿದವರು ಯಾರು ಅಂತಲೂ ಹೇಳಬಹುದು.

ಮೊದಲು ಯಂತ್ರದ ಒಳಗೇನಿದೆ ನೋಡೋಣ. ವೈಫೈ ಕೆಲಸ ಮಾಡಬೇಕಾದರೆ ಮೂರು ಬೇಕು. ಒಂದು, ಕಾರ್ಡ್: ಅಂದರೆ ಚಿಪ್ಪು ಮತ್ತು ಅದರ ರೇಡಿಯೋ. ಎರಡು, ಡ್ರೈವರ್: ಲಿನಕ್ಸಿನ ತಿರುಳಾದ ಕರ್ನಲ್ ಈ ಕಾರ್ಡಿನ ಜೊತೆ ಮಾತಾಡಲು ಬಳಸುವ ಪ್ರೋಗ್ರಾಮ್. ಮೂರು, ಫರ್ಮ್‌ವೇರ್: ಕಾರ್ಡಿನ ಒಳಗೇ ಓಡುವ ಇನ್ನೊಂದು ಪುಟ್ಟ ಪ್ರೋಗ್ರಾಮ್. ಬಹುಪಾಲು ಕಾರ್ಡುಗಳಲ್ಲಿ ಇದು ಕಾರ್ಡಿನಲ್ಲೇ ಕೂತಿರಲ್ಲ. ಪ್ರತಿ ಸಲ ಯಂತ್ರ ಶುರುವಾದಾಗ ಡ್ರೈವರ್ ಅದನ್ನು ಡಿಸ್ಕಿನಿಂದ ಎತ್ತಿ ಕಾರ್ಡಿಗೆ ತುಂಬಬೇಕು. ಕಾರ್ಡಿಗೆ ನೀವು ದುಡ್ಡು ಕೊಟ್ಟಿದ್ದೀರಿ. ಡ್ರೈವರನ್ನು ಎಷ್ಟೋ ಸಲ ಹೊರಗಿನ ಪ್ರೋಗ್ರಾಮರುಗಳು ಬರೆದಿದ್ದಾರೆ. ಫರ್ಮ್‌ವೇರ್ ಮಾತ್ರ ತಯಾರಕರ ಕೈಯಲ್ಲಿ. ಅದನ್ನು ಯಾರು ಹಂಚಬಹುದು, ಹಂಚಬಾರದು ಅಂತ ನಿರ್ಧರಿಸುವವರೂ ಅವರೇ. ಮನೆ ಮಾರಿದ ಮೇಲೂ ಬೀಗದ ಕೈ ತನ್ನ ಸೊಂಟದಲ್ಲೇ ಸಿಕ್ಕಿಸಿಕೊಂಡ ಯಜಮಾನನ ಹಾಗೆ.

ಇದು ಬರೀ ಸಿದ್ಧಾಂತವಲ್ಲ. ಬ್ರಾಡ್‌ಕಾಮ್ ಚಿಪ್ಪುಗಳ ಕಥೆ ಕೇಳಿ. ಲಿನಕ್ಸಿಗೆ ಡ್ರೈವರನ್ನೂ ಕೊಡದೆ, ಚಿಪ್ಪಿನ ವಿವರಗಳನ್ನೂ ಕೊಡದೆ ಇದ್ದಾಗ ಸ್ವಯಂಸೇವಕರು ಒಂದು ಉಪಾಯ ಮಾಡಿದರು. ಒಂದು ತಂಡ ಕಂಪನಿಯ ಡ್ರೈವರನ್ನು ಬಿಡಿಸಿ ನೋಡಿ, ಚಿಪ್ಪು ಹೇಗೆ ನಡೆದುಕೊಳ್ಳುತ್ತೆ ಅಂತ ಟಿಪ್ಪಣಿ ಬರೆಯಿತು. ಇನ್ನೊಂದು ತಂಡ ಆ ಮೂಲ ಡ್ರೈವರಿನ ಕಡೆ ಕಣ್ಣೆತ್ತಿಯೂ ನೋಡದೆ, ಬರೀ ಟಿಪ್ಪಣಿ ಓದಿ ಹೊಸದಾಗಿ ಡ್ರೈವರ್ ಬರೆಯಿತು. ಕದ್ದರು ಅನ್ನುವ ಆರೋಪ ಬರಬಾರದು ಅಂತ ಇಷ್ಟೊಂದು ಮಡಿ. 2006ರಲ್ಲಿ ಅದು ಲಿನಕ್ಸ್ ಕರ್ನಲ್ ಸೇರಿತು. ಆದರೂ ಫರ್ಮ್‌ವೇರನ್ನು ಹಂಚಲು ಅನುಮತಿ ಇರಲಿಲ್ಲ. ಹಾಗಾಗಿ ಬಳಕೆದಾರರು ಕಂಪನಿಯ ಡ್ರೈವರನ್ನು ಇಳಿಸಿಕೊಂಡು, ತಮ್ಮ ಯಂತ್ರದಲ್ಲೇ ಅದರೊಳಗಿಂದ ಫರ್ಮ್‌ವೇರನ್ನು ಕತ್ತರಿಸಿ ತೆಗೆಯಬೇಕಿತ್ತು. ಅದಕ್ಕೆಂದೇ ಒಂದು ಕತ್ತರಿ ಪ್ರೋಗ್ರಾಮ್ ಕೂಡ ಬಂತು. ಡ್ರೈವರ್ ಇಳಿಸಿಕೊಳ್ಳೋಕೆ ಇಂಟರ್‌ನೆಟ್ ಬೇಕು, ಇಂಟರ್‌ನೆಟ್ಟಿಗೆ ಡ್ರೈವರ್ ಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ!

ಅದು ಹಳೇ ಕಾಲ ಅಂತೀರಾ? 2013ರಿಂದ 2017ರವರೆಗೆ ಬಂದ ಮ್ಯಾಕ್‌ಬುಕ್ ಏರ್ ನಮ್ಮವರ ಎಷ್ಟೋ ಮನೆಗಳಲ್ಲಿ ಇದೆ. ಮಾಸ್ಟರ್ಸ್ ಮಾಡೋಕೆ ಬಂದಾಗ ಕೊಂಡದ್ದು, ಈಗ ಬೀರುವಿನಲ್ಲಿ ಧೂಳು ಹಿಡಿದಿರುತ್ತೆ. ಅದರಲ್ಲಿರುವುದು ಬ್ರಾಡ್‌ಕಾಮ್ 4360 ಚಿಪ್ಪು. ಅದಕ್ಕೆ ಸರಿಯಾಗಿ ಕೆಲಸ ಮಾಡುವ ತೆರೆದ ಡ್ರೈವರ್ ಇಲ್ಲ. ಕಂಪನಿ ಕೊಟ್ಟ ಮುಚ್ಚಿದ ಡ್ರೈವರೇ ಗತಿ. ಆ ಡ್ರೈವರಿನ ಕೊನೆಯ ಆವೃತ್ತಿ ಬಂದದ್ದು 2015ರಲ್ಲಿ. ಆಮೇಲೆ ಕರ್ನಲ್ ಬದಲಾದಾಗಲೆಲ್ಲ ಡೆಬಿಯನ್, ಉಬುಂಟು ಮುಂತಾದವುಗಳ ಜನ ಅದರ ಹೊರಕವಚಕ್ಕೆ ತೇಪೆ ಹಾಕುತ್ತಾ ಬಂದಿದ್ದಾರೆ. ಒಳಗಿನ ಮುಚ್ಚಿದ ಭಾಗವನ್ನು ಅವರೂ ಮುಟ್ಟುವಂತಿಲ್ಲ. 2019ರಲ್ಲಿ ಬ್ರಾಡ್‌ಕಾಮ್ ಡ್ರೈವರುಗಳಲ್ಲಿ ಭದ್ರತಾ ದೋಷಗಳು ಬಯಲಾದವು. ತೆರೆದ ಡ್ರೈವರಿನಲ್ಲಿದ್ದ ದೋಷಗಳನ್ನು ಕರ್ನಲ್‌ನವರು ತಾವೇ ಸರಿಪಡಿಸಿದರು. ಮುಚ್ಚಿದ ಡ್ರೈವರಿನ ವಿಷಯದಲ್ಲಿ ಆ ಸ್ವಾತಂತ್ರ್ಯ ಯಾರಿಗೂ ಇರಲಿಲ್ಲ. ವೈಫೈ ಬರಲಿಲ್ಲ ಅನ್ನುವುದಕ್ಕಿಂತ ಇದು ದೊಡ್ಡ ವಿಷಯ ಅಂತ ನನಗನ್ನಿಸುತ್ತೆ.

ತಯಾರಕರ ಪರವಾಗಿ ಒಂದು ವಾದ ಇದೆ, ಅದನ್ನೂ ಕೇಳೋಣ. "ಇದು ರೇಡಿಯೋ ಸ್ವಾಮಿ. ಯಾರು ಬೇಕಾದರೂ ಶಕ್ತಿ ಹೆಚ್ಚಿಸಿ, ತರಂಗಾಂತರ ಬದಲಾಯಿಸಿದರೆ ಬೇರೆಯವರಿಗೆ ತೊಂದರೆ. ಕಾನೂನಿದೆ." ಮಾತು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿ 2015ರಲ್ಲೇ, ರೌಟರುಗಳ ವಿಷಯದಲ್ಲಿ ತೆರೆದ ಫರ್ಮ್‌ವೇರನ್ನು ನಿಷೇಧಿಸುವ ಉದ್ದೇಶ ತನಗಿಲ್ಲ ಅಂತ ಸ್ಪಷ್ಟಪಡಿಸಿತು. ಮರುವರ್ಷ ಟಿಪಿ-ಲಿಂಕ್ ಕಂಪನಿಯ ರೌಟರುಗಳ ಮೇಲಿನ ಪ್ರಕರಣ ಇತ್ಯರ್ಥ ಮಾಡುವಾಗ, 2 ಲಕ್ಷ ಡಾಲರ್ ದಂಡದ ಜೊತೆಗೆ, ಹೊರಗಿನವರ ಫರ್ಮ್‌ವೇರಿಗೆ ದಾರಿ ಮಾಡಿಕೊಡಲು ಸಹಕರಿಸಬೇಕು ಅನ್ನುವ ಷರತ್ತನ್ನೂ ಸೇರಿಸಿತು. ಇನ್ನು ಅಥೆರೋಸ್ ಕಂಪನಿ 2008ರಲ್ಲಿ ತನ್ನ ಚಿಪ್ಪುಗಳಿಗೆ ಪೂರ್ತಿ ತೆರೆದ ಡ್ರೈವರ್ ಕೊಟ್ಟಿತು. ಆ ಸರಣಿಯ ಲ್ಯಾಪ್‌ಟಾಪ್ ಕಾರ್ಡುಗಳಿಗೆ ಡಿಸ್ಕಿನಿಂದ ಫರ್ಮ್‌ವೇರ್ ತುಂಬುವ ರಗಳೆಯೇ ಇಲ್ಲ. ಅದರಿಂದ ಆಕಾಶವೇನೂ ಕಳಚಿ ಬೀಳಲಿಲ್ಲ. ಅಷ್ಟಕ್ಕೂ ನಾವು ಕೇಳುತ್ತಿರುವುದು ಫರ್ಮ್‌ವೇರಿನ ಒಳಗುಟ್ಟನ್ನಲ್ಲ. ಇದ್ದ ಹಾಗೇ ಹಂಚಲು ಅನುಮತಿ ಕೊಡಿ, ಡ್ರೈವರ್ ಬರೆಯಲು ಬೇಕಾದಷ್ಟು ವಿವರ ಕೊಡಿ ಅಂತ. ಅದಕ್ಕೂ ಆಗಲ್ಲ ಅಂದರೆ ಕಾನೂನಿನ ನೆಪ ಹೇಳಬೇಡಿ.

ಹಾಗಂತ ಲಿನಕ್ಸ್ ಕಡೆಯವರು ಸಾಚಾ ಅಂತ ನಾನು ಹೇಳಲ್ಲ. ಡೆಬಿಯನ್ ಬಹಳ ವರ್ಷ ತನ್ನ ಅಧಿಕೃತ ಇನ್‌ಸ್ಟಾಲರಿನಲ್ಲಿ ಮುಚ್ಚಿದ ಫರ್ಮ್‌ವೇರ್ ಇಡಲಿಲ್ಲ. ತತ್ವ ದೊಡ್ಡದೇ. ಆದರೆ ಅದರ ಬೆಲೆ ತೆತ್ತವರು ತಯಾರಕರಲ್ಲ, ಮೊದಲ ಸಲ ಬಂದ ಬಡಪಾಯಿಗಳು. 2022ರಲ್ಲಿ ಮತ ಹಾಕಿ ಆ ನಿಯಮ ಬದಲಾಯಿಸಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್ ಇನ್‌ಸ್ಟಾಲರಿನ ಜೊತೆಗೇ ಬರುತ್ತೆ. ಸರಿಯಾದ ತೀರ್ಮಾನ, ತಡವಾಗಿ ಬಂತು.

ಅದಕ್ಕಿಂತ ನನಗೆ ಸಿಟ್ಟು ಬರಿಸುವುದು ಇನ್ನೊಂದು. ವೈಫೈ ಬರ್ತಿಲ್ಲ ಅಂದ ಕೂಡಲೇ ಯಾರೋ ಒಂದಷ್ಟು ಕಮಾಂಡ್ ಕೊಟ್ಟು "ಇದನ್ನು ಹಾಕಿ ರೀಸ್ಟಾರ್ಟ್ ಮಾಡಿ" ಅಂತಾರೆ. ಯಾಕೆ ಅಂತ ಹೇಳಲ್ಲ. ಅದು ಅವರ ಕಾರ್ಡಿಗೆ ಕೆಲಸ ಮಾಡಿತ್ತು, ನಿಮ್ಮ ಕಾರ್ಡ್ ಯಾವುದು ಅಂತ ಕೇಳಿಯೂ ಇರಲ್ಲ. ನಾಡಿ ನೋಡದೆ ಮಾತ್ರೆ ಬರೆಯುವ ಡಾಕ್ಟರ ಹತ್ತಿರ ನೀವು ಹೋಗ್ತೀರಾ? ನನ್ನ ಹೊಟ್ಟೆಪಾಡು ಡೇಟಾ ಸೈನ್ಸ್. ಅಲ್ಲಿ ಡೇಟಾ ನೋಡದೆ ಮಾಡೆಲ್ ಕಟ್ಟಿದರೆ ಬೈಸಿಕೊಳ್ತೀವಿ. ಇಲ್ಲೂ ಯಂತ್ರ ತನ್ನ ಕಷ್ಟವನ್ನು ತಾನೇ ಬರೆದಿಟ್ಟಿರುತ್ತೆ. ಓದೋರು ಬೇಕು.

ಹಾಗಾಗಿ ಕಮಾಂಡ್ ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳಿ, ಇದೇ ಕ್ರಮದಲ್ಲಿ. ಅದಕ್ಕೂ ಮುಂಚೆ ಮದುವೆ-ಹುಚ್ಚಿನ ಗಂಟು ಬಿಡಿಸಿಕೊಳ್ಳಿ: ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಹಾಕಿದರೆ ಬಹುತೇಕ ಲಿನಕ್ಸುಗಳಲ್ಲಿ ತಾತ್ಕಾಲಿಕವಾಗಿ ಇಂಟರ್‌ನೆಟ್ ಬರುತ್ತೆ.

ಮೊದಲನೇ ಪ್ರಶ್ನೆ: ಯಂತ್ರಕ್ಕೆ ಕಾರ್ಡ್ ಕಾಣಿಸುತ್ತಿದೆಯಾ? ಎಲ್-ಎಸ್-ಪಿ-ಸಿ-ಐ ಅನ್ನುವ ಕಮಾಂಡ್ ಕೊಟ್ಟು, ಒಂದು ಅಡ್ಡಗೆರೆ ಹಾಕಿ ಎನ್, ಎನ್, ಕೆ ಸೇರಿಸಿ. ನೆಟ್‌ವರ್ಕ್ ಅಂತ ಇರುವ ಸಾಲಿನ ಕೊನೆಗೆ ಚೌಕ ಆವರಣದೊಳಗೆ ಎರಡು ಗುರುತು ಇರುತ್ತೆ. ಮೊದಲನೆಯದು ಕಂಪನಿಯದು, ಎರಡನೆಯದು ಚಿಪ್ಪಿನದು. ಮೊದಲ ಗುರುತು 8086 ಅಂತಿದ್ದರೆ ಅದು ಇಂಟೆಲ್. 1978ರ ತಮ್ಮ ಪ್ರಸಿದ್ಧ ಪ್ರೊಸೆಸರಿನ ಹೆಸರನ್ನೇ ಗುರುತು ಮಾಡಿಕೊಂಡಿದ್ದಾರೆ. ಹುಡುಕುವಾಗ ಲ್ಯಾಪ್‌ಟಾಪಿನ ಹೆಸರು ಹಾಕಬೇಡಿ, ಈ ಜೋಡಿ ಗುರುತನ್ನು ಹಾಕಿ. ಒಂದೇ ಹೆಸರಿನ ಲ್ಯಾಪ್‌ಟಾಪಿನಲ್ಲಿ ಬೇರೆ ಬೇರೆ ಕಾರ್ಡ್ ಇರಬಹುದು.

ಎರಡನೇ ಪ್ರಶ್ನೆ: ಡ್ರೈವರ್ ಕೂತಿದೆಯಾ? ಅದೇ ಉತ್ತರದ ಕೆಳಗೆ ಬಳಕೆಯಲ್ಲಿರುವ ಡ್ರೈವರಿನ ಹೆಸರಿರುತ್ತೆ. ಇಲ್ಲದಿದ್ದರೆ ಕರ್ನಲ್ ಹಳೆಯದಿರಬಹುದು. ಉದಾಹರಣೆಗೆ ರಿಯಲ್‌ಟೆಕ್‌ನ ಹೊಸ ಚಿಪ್ಪುಗಳ ಒಂದು ಡ್ರೈವರ್ ಕರ್ನಲ್ ಸೇರಿದ್ದು 2022ರ ಜನವರಿಯಲ್ಲಿ ಬಂದ 5.16ರಲ್ಲಿ. ಅದಕ್ಕಿಂತ ಹಳೆಯದನ್ನು ಹಾಕಿ ಎಷ್ಟು ತಲೆ ಚಚ್ಚಿಕೊಂಡರೂ ಪ್ರಯೋಜನ ಇಲ್ಲ. ಇನ್ನೊಂದು ಕಾರಣ ಸೆಕ್ಯೂರ್ ಬೂಟ್. ಹೊರಗಿಂದ ತಂದ ಡ್ರೈವರಿಗೆ ನಂಬಿಕೆಯ ಸಹಿ ಇಲ್ಲದಿದ್ದರೆ ಕರ್ನಲ್ ಒಳಗೆ ಬಿಟ್ಟುಕೊಳ್ಳಲ್ಲ. ಉಬುಂಟು ಪಾಸ್‌ವರ್ಡ್ ಕೇಳಿ, ರೀಸ್ಟಾರ್ಟ್ ಆದಾಗ ನೀಲಿ ಪರದೆ ತೋರಿಸುವುದು ಆ ಸಹಿಯನ್ನು ದಾಖಲಿಸಿಕೊಳ್ಳೋಕೆ. ಗಾಬರಿಯಾಗಿ ಎಂಟರ್ ಒತ್ತಿ ಮುಂದೆ ಹೋಗಬೇಡಿ, ಓದಿ.

ಮೂರನೇ ಪ್ರಶ್ನೆ: ಫರ್ಮ್‌ವೇರ್ ಸಿಕ್ಕಿದೆಯಾ? ಕರ್ನಲ್ಲಿನ ದಿನಚರಿಯನ್ನು ತೋರಿಸುವ ಕಮಾಂಡ್ ಡಿ-ಎಂ-ಇ-ಎಸ್-ಜಿ. ಅದರಲ್ಲಿ ಫರ್ಮ್‌ವೇರ್ ಅನ್ನುವ ಪದ ಹುಡುಕಿ. ದೋಷ ಸಂಖ್ಯೆ -2 ಅಂತಿದ್ದರೆ ಅರ್ಥ ಸರಳ: ಆ ಹೆಸರಿನ ಫೈಲ್ ಇಲ್ಲ. ಯಾವ ಫೈಲ್ ಅಂತಲೂ ಅದೇ ಸಾಲಿನಲ್ಲಿ ಇರುತ್ತೆ. ಆ ಫೈಲ್ ಇರುವ ಪ್ಯಾಕೇಜ್ ಹಾಕಿದರೆ ಮುಗೀತು. ಅರ್ಧ ದಿನದ ಗೋಳು ಒಂದು ಸಾಲಿನಲ್ಲಿ ತೀರಿಹೋಗುತ್ತೆ.

ನಾಲ್ಕನೇ ಪ್ರಶ್ನೆ: ಯಾರಾದರೂ ರೇಡಿಯೋ ಆಫ್ ಮಾಡಿದ್ದಾರಾ? ಆರ್-ಎಫ್-ಕಿಲ್ ಅನ್ನುವ ಕಮಾಂಡ್ ಹೇಳುತ್ತೆ. ಸಾಫ್ಟ್ ತಡೆ ಇದ್ದರೆ ಕಮಾಂಡಿನಲ್ಲೇ ತೆಗೀಬಹುದು. ಹಾರ್ಡ್ ತಡೆ ಇದ್ದರೆ ಲ್ಯಾಪ್‌ಟಾಪಿನ ಪಕ್ಕದಲ್ಲಿರುವ ಸ್ವಿಚ್ಚನ್ನೋ ಬಯಾಸ್ ಸೆಟ್ಟಿಂಗನ್ನೋ ನೋಡಬೇಕು. ವಿಂಡೋಸ್ ಕೂಡ ಅದೇ ಯಂತ್ರದಲ್ಲಿದ್ದರೆ ಅದರ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಪೂರ್ತಿ ಮಲಗದೆ ಅರೆನಿದ್ದೆಗೆ ಹೋದಾಗ ಕಾರ್ಡನ್ನು ಲಿನಕ್ಸಿಗೆ ಬಿಟ್ಟುಕೊಡದೆ ಇರುವುದುಂಟು.

ನಮ್ಮಂಥ ಹೊರನಾಡಿನವರಿಗೆ ಐದನೆಯದೊಂದಿದೆ. ವೈಫೈ ಕೆಲಸ ಮಾಡ್ತಿದೆ, ಪಕ್ಕದ ಮನೆಯವರದ್ದೆಲ್ಲ ಕಾಣುತ್ತೆ, ನಿಮ್ಮ ಮನೆಯದ್ದು ಮಾತ್ರ ಕಾಣಲ್ಲ. ಅಮೆರಿಕದಲ್ಲಿ 2.4 ಗಿಗಾಹರ್ಟ್ಸ್‌ನ ಚಾನೆಲ್ 12, 13 ಸಾಮಾನ್ಯವಾಗಿ ಬಳಕೆಯಲ್ಲಿಲ್ಲ. ಭಾರತದಲ್ಲೂ ಯುರೋಪಿನಲ್ಲೂ 13ರವರೆಗೆ ಬಳಸಬಹುದು. ಅಮೆರಿಕಕ್ಕೆಂದು ಗುರುತು ಮಾಡಿದ ಕಾರ್ಡನ್ನು ಹಿಡಿದು ಊರಿಗೆ ಹೋದರೆ, ಮನೆಯ ರೌಟರ್ 13ರಲ್ಲಿ ಕೂತಿದ್ದರೆ, ಅದು ನಿಮ್ಮ ಕಾರ್ಡಿನ ಪಾಲಿಗೆ ಇಲ್ಲವೇ ಇಲ್ಲ. ರೌಟರನ್ನು 1, 6 ಅಥವಾ 11ಕ್ಕೆ ಬದಲಾಯಿಸಿದರೆ ಸಾಕು. "ನಿಮ್ಮ ಲಿನಕ್ಸ್ ಸರಿ ಇಲ್ಲ" ಅಂತ ಅತ್ತೆಮನೆಯಲ್ಲಿ ಮಾತು ಕೇಳಬೇಕಿಲ್ಲ.

"ಇಷ್ಟೆಲ್ಲ ಯಾಕಪ್ಪಾ? ಒಂದು ಯುಎಸ್‌ಬಿ ಡಾಂಗಲ್ ತಂದರೆ ಆಯ್ತಲ್ಲ" ಅಂತ ನೀವು ಕೇಳಬಹುದು. ತನ್ನಿ, ಬೇಡ ಅನ್ನಲ್ಲ. ಆದರೆ ಡಾಂಗಲ್ಲಿನ ಒಳಗೂ ಒಂದು ಚಿಪ್ಪಿದೆ. ಹೊರಗೆ ಅದೇ ಹೆಸರು, ಅದೇ ಡಬ್ಬಿ ಇಟ್ಟು, ಆವೃತ್ತಿ ಬದಲಾದಾಗ ಒಳಗಿನ ಚಿಪ್ಪನ್ನೇ ಬದಲಾಯಿಸುವುದು ಈ ವ್ಯಾಪಾರದಲ್ಲಿ ಮಾಮೂಲು. ಡಬ್ಬಿಯ ಮೇಲೆ ಚಿಪ್ಪಿನ ಹೆಸರು ಬರೆಯಿರಿ ಅಂತ ನಾವು ಕೇಳದಿದ್ದರೆ ಅವರು ಬರೆಯಲ್ಲ. ಅಂಗಡಿಯಲ್ಲಿ ಬಿಸ್ಕತ್ ಕೊಳ್ಳುವಾಗ ಒಳಗೇನಿದೆ ಅಂತ ಹಿಂದೆ ತಿರುಗಿಸಿ ನೋಡ್ತೀವಿ. ಸಾವಿರ ಡಾಲರಿನ ಲ್ಯಾಪ್‌ಟಾಪ್ ಕೊಳ್ಳುವಾಗ ವೈಫೈ ಚಿಪ್ಪು ಯಾವುದು ಅಂತ ಕೇಳಿದರೆ ಮಾರುವವರು ನಮ್ಮನ್ನೇ ವಿಚಿತ್ರವಾಗಿ ನೋಡ್ತಾರೆ. ನೋಡಲಿ ಬಿಡಿ. ಕೇಳಿ.

ಈ ಮಾತು ಈಗ ಯಾಕೆ ಅಂದರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಭದ್ರತಾ ವ್ಯವಸ್ಥೆಯೋ ಹೊಸ ಪ್ರೊಸೆಸರೋ ಇಲ್ಲದ, ಬೇರೆಲ್ಲ ರೀತಿಯಲ್ಲೂ ಗಟ್ಟಿಮುಟ್ಟಾದ ಲ್ಯಾಪ್‌ಟಾಪುಗಳು ಕಸದ ಕಡೆ ಮುಖ ಮಾಡಿವೆ. ಅವುಗಳಲ್ಲಿ ಎಷ್ಟೋ ಯಂತ್ರಗಳು ಲಿನಕ್ಸ್ ಹಾಕಿದರೆ ಇನ್ನೂ ಐದಾರು ವರ್ಷ ಬಾಳುತ್ತವೆ. ಮಗಳ ಹೋಂವರ್ಕಿಗೆ ಆಗುತ್ತೆ, ಊರಲ್ಲಿರುವ ಅಪ್ಪ ಅಮ್ಮನ ವಿಡಿಯೋ ಕಾಲಿಗೆ ಆಗುತ್ತೆ. ಅಂಗೈಯಗಲದ ಒಂದು ಕಾರ್ಡಿಗೆ ಫೈಲ್ ಸಿಗಲಿಲ್ಲ ಅಂತ ಪೂರ್ತಿ ಯಂತ್ರವನ್ನು ಎಸೆಯುವುದನ್ನು ನಾನು ಒಪ್ಪಲ್ಲ. ಅದನ್ನು ನಮ್ಮ ದಡ್ಡತನ ಅಂತ ನಮಗೇ ನಂಬಿಸುವುದನ್ನಂತೂ ಒಪ್ಪುವುದೇ ಇಲ್ಲ.

ಬೀರುವಿನಲ್ಲಿರುವ ಆ ಲ್ಯಾಪ್‌ಟಾಪನ್ನು ಈ ವಾರಾಂತ್ಯ ಹೊರಗೆ ತೆಗೀರಿ. ಮನೆಯಲ್ಲಿ ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಾಲ್ಕು ಪ್ರಶ್ನೆಗಳನ್ನು ಅವರೇ ಕನ್ನಡದಲ್ಲಿ ಓದಲಿ, ಉತ್ತರವನ್ನು ಯಂತ್ರದಲ್ಲಿ ಹುಡುಕಲಿ. ವೈಫೈ ಬಂದರೆ ಸಂತೋಷ. ಬರದಿದ್ದರೆ ಯಾವ ಕಂಪನಿಯ ಯಾವ ಚಿಪ್ಪಿನಿಂದ ಬರಲಿಲ್ಲ ಅನ್ನುವುದಾದರೂ ಗೊತ್ತಿರುತ್ತೆ. ಮುಂದಿನ ಸಲ ಲ್ಯಾಪ್‌ಟಾಪ್ ಕೊಳ್ಳೋಕೆ ಹೋದಾಗ ಆ ಹೆಸರನ್ನು ಬರೆದಿಟ್ಟ ಚೀಟಿ ನಿಮ್ಮ ಜೇಬಿನಲ್ಲಿರಲಿ.