ನಂಬಿಕಸ್ತ ಜೂಜುಕಟ್ಟೆ ಎಂಬುದೊಂದು ಉಂಟೇ?

ಮೊನ್ನೆ ಸಂಜೆ ಶಾಲೆ ಬಿಟ್ಟು ಬಸ್ಸಿಗೆ ಕಾಯುತ್ತಿದ್ದೆ. ಹಳೆಯ ವಿದ್ಯಾರ್ಥಿಯೊಬ್ಬ ಬೈಕ್ ನಿಲ್ಲಿಸಿದ. ಏಳನೇ ತರಗತಿಯಲ್ಲಿ ನನ್ನ ಕೈಯಲ್ಲೇ ಲೆಕ್ಕ ಕಲಿತವನು, ಈಗ ಪೈಂಟಿಂಗ್ ಕೆಲಸ. ಮೊಬೈಲ್ ತೆಗೆದು ಮುಂದೆ ಹಿಡಿದ. "ಮಾಷ್ಟ್ರೆ, ಈ ಕ್ಯಾಸಿನೋ ನಂಬ್ಲಿಕ್ಕೆ ಆಗ್ತದಾ ನೋಡಿ. ದುಡ್ಡು ಹಾಕುವ ಮೊದಲು ಚೆಕ್ ಮಾಡ್ಬೇಕಲ್ಲ?"

ಚೆಕ್ ಮಾಡುವ ಬುದ್ಧಿಯಾದರೂ ಬಂತಲ್ಲ ಎಂದು ಒಂದು ಕ್ಷಣ ಖುಷಿಯಾಯಿತು. ಮರುಕ್ಷಣ ನಾಚಿಕೆಯಾಯಿತು. ಏನನ್ನು ಚೆಕ್ ಮಾಡಬೇಕು ಎಂದು ನಾನು ಕಲಿಸಲೇ ಇಲ್ಲವಲ್ಲ!

ಅವನ ಹತ್ತಿರ ಪಟ್ಟಿಯೇ ಇತ್ತು. ಲೈಸೆನ್ಸ್ ಉಂಟು, ಬೀಗದ ಗುರುತು ಉಂಟು, ರಿವ್ಯೂ ಚೆನ್ನಾಗಿದೆ, 500 ರೂಪಾಯಿ ವಾಪಸ್ ತೆಗೆದು ನೋಡಿದ್ದಾನೆ, ಬಂದಿದೆ. ಜಾಹೀರಾತಂತೂ ಅಚ್ಚ ಕನ್ನಡದಲ್ಲಿ! ಸರ್ಕಾರಿ ಕಚೇರಿಯಲ್ಲಿ ಒಂದು ಅರ್ಜಿ ಕನ್ನಡದಲ್ಲಿ ಸಿಗಬೇಕಾದರೆ ಎಷ್ಟು ಅಲೆಯಬೇಕು ಎಂದು ಕಾಸರಗೋಡಿನ ನಮಗೆ ಗೊತ್ತು. ಜೂಜಿನವನಿಗೆ ಮಾತ್ರ ನಮ್ಮ ಭಾಷೆಯ ಮೇಲೆ ಎಂಥ ಪ್ರೀತಿ ನೋಡಿ. ಕರೆಯುವುದು ಕನ್ನಡದಲ್ಲಿ, ಷರತ್ತು ಮಾತ್ರ ಇಂಗ್ಲಿಷಿನಲ್ಲಿ.

ಪಟ್ಟಿಯನ್ನು ಒಂದೊಂದಾಗಿ ನೋಡೋಣ. ಲೈಸೆನ್ಸ್ ಎಂದು ಕಾಣುವುದು ಒಂದು ಚಿತ್ರ, ಅಷ್ಟೇ. ಯಾರು ಬೇಕಾದರೂ ಅಂಟಿಸಬಹುದು. ನಿಜವೇ ಎಂದುಕೊಂಡರೂ ಅದನ್ನು ಕೊಟ್ಟದ್ದು ಕುರಸಾವೊ ಎಂಬ ಕೆರಿಬಿಯನ್ ದ್ವೀಪವೋ, ಮಾಲ್ಟಾವೋ ಆಗಿರುತ್ತದೆ. ಮಂಜೇಶ್ವರದ ಪೈಂಟರ್ ಅಲ್ಲಿಗೆ ಹೋಗಿ ದೂರು ಕೊಡುತ್ತಾನೆಯೇ? ಬೀಗದ ಗುರುತಿನ ಅರ್ಥ, ನೀವು ಕಳಿಸುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲಾಗದು ಎಂದು ಮಾತ್ರ. ಆ ಕಡೆ ಕೂತವನು ಸಭ್ಯನೋ ಕಳ್ಳನೋ ಎಂದು ಬೀಗ ಹೇಳುವುದಿಲ್ಲ. ಕಳ್ಳನ ಮನೆಗೂ ಬೀಗ ಇರುತ್ತದೆ ಮಾರಾಯ್ರೆ! ರಿವ್ಯೂ ದುಡ್ಡಿಗೆ ಸಿಗುತ್ತದೆ. ಹೊಗಳಿ ಬರೆದವನಿಗೆ, ಅವನ ಲಿಂಕಿನಿಂದ ಸೇರಿದವರು ಸೋತ ಹಣದಲ್ಲಿ ಪಾಲು ಕೊಡುವ ಪದ್ಧತಿಯೂ ಉಂಟು.

ಇನ್ನು ಆ 500 ರೂಪಾಯಿ. ಅದು ಗಾಳಕ್ಕೆ ಸಿಕ್ಕಿಸಿದ ಎರೆಹುಳ. ಹುಳ ರುಚಿಯಾಗಿತ್ತು ಎಂದು ಮೀನು ಸರ್ಟಿಫಿಕೇಟ್ ಕೊಟ್ಟ ಹಾಗಾಯಿತು.

ಇಷ್ಟು ಹೇಳಿದ ಮೇಲೆ ನಿಜ ಹೊರಬಂತು. ಅವನು ಆಗಲೇ 40,000 ಹಾಕಿದ್ದ. ಅಕ್ಕನ ಬಳೆ ಅಡವಿಟ್ಟ ಹಣ. ಸ್ಕ್ರೀನಿನಲ್ಲಿ 1,12,000 ತೋರಿಸುತ್ತಿತ್ತು. ತೆಗೆಯಲು ಹೋದರೆ, "ಶೇಕಡಾ 30 ತೆರಿಗೆ 33,600 ರೂಪಾಯಿ ಮೊದಲು ಕಟ್ಟಿ" ಎಂಬ ಉತ್ತರ. ಅವನ ಪ್ರಶ್ನೆ ಈ 33,600ರದ್ದು!

ಸ್ನೇಹಿತರೇ, ಇದನ್ನು ಮನೆಮಂದಿಗೆಲ್ಲ ಹೇಳಿ. ಗೆದ್ದ ಹಣದ ಮೇಲೆ ಶೇಕಡಾ 30 ತೆರಿಗೆ ಇರುವುದು ನಿಜ. ಆದರೆ ಅದನ್ನು ಗೆದ್ದ ಹಣದಿಂದಲೇ ಮುರಿದುಕೊಂಡು ಉಳಿದದ್ದನ್ನು ಕೊಡುವುದು ಕ್ರಮ. ಕೊಡುವ ಮೊದಲು ಕೈಯಿಂದ ಕಟ್ಟು ಎನ್ನುವವನು ಮೋಸಗಾರ, ಎರಡನೇ ಮಾತೇ ಇಲ್ಲ. ಕಟ್ಟಿದರೆ ನಾಳೆ "ಪ್ರೊಸೆಸಿಂಗ್ ಫೀ" ಬರುತ್ತದೆ, ನಾಡಿದ್ದು ಮತ್ತೊಂದು.

ಇಲ್ಲಿಗೆ ಮುಗಿಸಿದರೆ "ಸರಿ, ಮೋಸದವರನ್ನು ಬಿಟ್ಟು ಒಳ್ಳೆಯವರನ್ನು ಹುಡುಕುತ್ತೇವೆ" ಎನ್ನುತ್ತೀರಿ. ನನ್ನ ತಕರಾರು ಇರುವುದು ಅಲ್ಲೇ. ಸತ್ಯಹರಿಶ್ಚಂದ್ರನೇ ಕ್ಯಾಸಿನೋ ಇಟ್ಟಿದ್ದಾನೆ ಎಂದುಕೊಳ್ಳಿ. ರೂಲೆಟ್ ಚಕ್ರದಲ್ಲಿ 0ಯಿಂದ 36ರವರೆಗೆ 37 ಮನೆಗಳು. ಒಂದೊಂದು ಮನೆಗೆ 100ರಂತೆ ಎಲ್ಲದಕ್ಕೂ ಕಟ್ಟಿದರೆ ನಿಮ್ಮ ಖರ್ಚು 3,700. ಯಾವುದಾದರೊಂದು ಮನೆ ಬಂದೇ ಬರುತ್ತದೆ. ಕೊಡುವುದು ಒಂದಕ್ಕೆ 35, ಅಂದರೆ 3,500, ಜೊತೆಗೆ ನಿಮ್ಮ 100. ಒಟ್ಟು 3,600. ಉಳಿದ 100 ಎಲ್ಲಿ ಹೋಯಿತು? ಯಾರೂ ಕದ್ದಿಲ್ಲ, ಆಟದ ನಿಯಮವೇ ಅದು.

ಸ್ಲಾಟ್ ಆಟದಲ್ಲಿ "ನೂರಕ್ಕೆ 96 ವಾಪಸ್" ಎಂದು ಹೆಮ್ಮೆಯಿಂದ ಬರೆದಿರುತ್ತಾರೆ. ಬಂದದ್ದನ್ನು ಯಾರೂ ಜೇಬಿಗೆ ಹಾಕುವುದಿಲ್ಲ, ಮತ್ತೆ ಆಡುತ್ತಾರೆ. 10,000ವನ್ನು ಪೂರ್ತಿ ಒಂದು ಸುತ್ತು ಆಡಿದರೆ ಸರಾಸರಿ 9,600. ಹತ್ತು ಸುತ್ತಿಗೆ ಸುಮಾರು 6,650. ಇಪ್ಪತ್ತು ಸುತ್ತಿಗೆ ಸುಮಾರು 4,420. ಒಬ್ಬಿಬ್ಬರು ಗೆಲ್ಲುತ್ತಾರೆ, ಅವರ ಫೋಟೋ ಜಾಹೀರಾತಿಗೆ. ಸೋತವರ ಫೋಟೋ ಹಾಕಲು ಪರದೆ ಸಾಲದು.

"10,000 ಹಾಕಿದರೆ 10,000 ಬೋನಸ್" ಎನ್ನುತ್ತಾರೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಹಣ ತೆಗೆಯುವ ಮೊದಲು ಬೋನಸ್ಸಿನ 40 ಪಟ್ಟು ಆಡಬೇಕು ಎಂಬಂಥ ಷರತ್ತು. ಅಂದರೆ 4 ಲಕ್ಷದ ಪಣ. ನೂರಕ್ಕೆ 4ರಂತೆ ಸರಾಸರಿ ನಷ್ಟ 16,000. ಇಪ್ಪತ್ತು ಸಾವಿರದಲ್ಲಿ ಉಳಿಯುವುದು ನಾಲ್ಕು. ನೀವೇ ಹಾಕಿದ್ದ ಹತ್ತು ಸಾವಿರವೂ ಇಲ್ಲ! ಇದು ಏಳನೇ ತರಗತಿಯ ಲೆಕ್ಕ. ಮೋಸದ ಕ್ಯಾಸಿನೋ ಒಂದೇ ಏಟಿಗೆ ತಿನ್ನುತ್ತದೆ, ಪ್ರಾಮಾಣಿಕ ಕ್ಯಾಸಿನೋ ರಶೀದಿ ಕೊಟ್ಟು ತಿನ್ನುತ್ತದೆ.

ಈಗ ಕಾನೂನು. 1872ರ ಭಾರತೀಯ ಕರಾರು ಕಾಯಿದೆಯ 30ನೇ ಸೆಕ್ಷನ್ ಪ್ರಕಾರ ಪಂದ್ಯದ ಕರಾರಿಗೆ ಬೆಲೆಯಿಲ್ಲ, ಗೆದ್ದೆನೆಂದು ಕೋರ್ಟಿಗೆ ಹೋಗಿ ಹಣ ಕೇಳುವಂತಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಹಣದ ಆಟಗಳನ್ನೇ ನಿಷೇಧಿಸುವ ಕಾಯಿದೆ ಮಾಡಿತು. 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಆಟ ನಡೆಸುವವನಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಜಾಹೀರಾತು ಕೊಡುವವನಿಗೆ ಎರಡು ವರ್ಷ, 50 ಲಕ್ಷ. ಆಡುವವನನ್ನು ಶಿಕ್ಷಿಸುವುದಿಲ್ಲ. ದೇಶದೊಳಗಿನ ದೊಡ್ಡ ಕಂಪೆನಿಗಳು ಹಣದ ಆಟ ನಿಲ್ಲಿಸಿದವು. ಹಾಗಾದರೆ ಇಂದು ನಿಮ್ಮ ಮೊಬೈಲಿಗೆ ಬಂದು "ಡೆಪಾಸಿಟ್ ಮಾಡಿ" ಎನ್ನುವವನು ಯಾರು? ಈ ಕಾನೂನಿಗೆ ಹೆದರದವನು. ಅವನು ನಂಬಿಕಸ್ತನೇ ಎಂದು ಇನ್ನೇನು ಚೆಕ್ ಮಾಡುವುದು?

ಹಣ ಹಾಕುವಾಗ ಯುಪಿಐಯಲ್ಲಿ ಬರುವ ಹೆಸರು ನೋಡಿ. ಕಂಪೆನಿಯ ಹೆಸರಲ್ಲ, ಯಾವುದೋ ಊರಿನ ಯಾರದೋ ಹೆಸರು. ನಾಳೆ ಬೇರೆ ಹೆಸರು. ಕಮಿಷನ್ ಆಸೆಗೆ ಕಾಲೇಜು ಹುಡುಗರು ಬಾಡಿಗೆಗೆ ಕೊಟ್ಟ ಖಾತೆಗಳವು. ಪೊಲೀಸರು ಮೊದಲು ಬರುವುದು ಖಾತೆ ಕೊಟ್ಟ ಆ ಹುಡುಗನ ಮನೆಗೆ. ಅಂಥ ಖಾತೆಯಿಂದ ಹಣ ಬಂದರೆ ನಿಮ್ಮ ಖಾತೆಯೂ ತಡೆಹಿಡಿಯಲ್ಪಡಬಹುದು.

"ಮಾಷ್ಟ್ರೆ, ನಮ್ಮ ಸರ್ಕಾರವೇ ಲಾಟರಿ ಮಾರ್ತದಲ್ಲ?" ಎಂದು ಅವನು ಕೇಳಿದ. ಒಳ್ಳೆಯ ಪ್ರಶ್ನೆ. 1967ರಿಂದ ಕೇರಳ ಸರ್ಕಾರ ಲಾಟರಿ ನಡೆಸುತ್ತಿದೆ. ತಲಪಾಡಿ ದಾಟಿದರೆ ಕರ್ನಾಟಕದಲ್ಲಿ 2007ರಿಂದ ಲಾಟರಿ ಇಲ್ಲ. ನಾನು ಲಾಟರಿಯ ವಕೀಲನಲ್ಲ. ಕೂಲಿ ಮಾಡುವವನು ದಿನವೂ ಟಿಕೆಟ್ ಕೊಳ್ಳುವುದನ್ನು ಕಂಡರೆ ನನಗೆ ಸಂಕಟವೇ. ಆದರೆ ಅಲ್ಲಿ ಕಾಗದದ ಟಿಕೆಟ್ ಉಂಟು, ಬಹಿರಂಗ ಡ್ರಾ ಉಂಟು, ಬಹುಮಾನ ಕೊಡಲು ಕಚೇರಿ ಉಂಟು. ಅದು ಆನ್‌ಲೈನಿನಲ್ಲಿ ಮಾರಾಟಕ್ಕಿಲ್ಲ, ಮೊಬೈಲಿನಲ್ಲಿ ಕೇರಳ ಲಾಟರಿ ಎಂದು ಬಂದರೆ ಅದೂ ಮೋಸವೇ. ಸರ್ಕಾರದ ಒಂದು ತಪ್ಪು ನಮ್ಮ ಹತ್ತು ತಪ್ಪಿಗೆ ಲೈಸೆನ್ಸ್ ಆಗಬಾರದು.

ಜೂಜು ನಮ್ಮ ತುಳುನಾಡಿಗೆ ಹೊಸದಲ್ಲ. ಕೋಳಿ ಅಂಕ, ಉಲಾಯಿ-ಪಿದಾಯಿ ಎಲ್ಲ ಕಂಡವರೇ. ಆ ಉಲಾಯಿ-ಪಿದಾಯಿಯೇ ಈಗ "ಅಂದರ್ ಬಾಹರ್" ಎಂಬ ಹೆಸರಲ್ಲಿ ಮೊಬೈಲಿಗೆ ಬಂದಿದೆ. ಕಳದಲ್ಲಿ ಸೋತವನು ಜೇಬು ಖಾಲಿಯಾದಾಗ ಎದ್ದು ಮನೆಗೆ ಬರುತ್ತಿದ್ದ. ಮೊಬೈಲಿನ ಕಳ ಮಲಗುವ ಕೋಣೆಯಲ್ಲೇ ಇದೆ, ಜೇಬು ಖಾಲಿಯಾದರೆ ಸಾಲದ ಆ್ಯಪ್ ಪಕ್ಕದಲ್ಲೇ ಇದೆ. ಯಕ್ಷಗಾನದಲ್ಲಿ ಧರ್ಮರಾಯ ಸೋತದ್ದನ್ನು ಎಷ್ಟು ಸಲ ನೋಡಿಲ್ಲ ನಾವು! ಶಕುನಿಯ ದಾಳ ಮೋಸದ್ದು ಎಂದು ಬೈದು ಮನೆಗೆ ಬರುತ್ತೇವೆ. ದಾಳ ಸರಿ ಇದ್ದರೂ ಹೆಂಡತಿಯನ್ನು ಪಣಕ್ಕಿಡಬಹುದಿತ್ತೇ ಎಂದು ಕೇಳುವುದಿಲ್ಲ.

ಮರುದಿನ ಹುಡುಗ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟ. ಹಣ ಹೋದ ಕೂಡಲೇ ಈ ನಂಬರಿಗೆ ಹೇಳಿದರೆ ತಡೆಹಿಡಿಯುವ ಅವಕಾಶ ಹೆಚ್ಚು. ಇವನು ನಾಚಿಕೆಯಿಂದ ಹನ್ನೆರಡು ದಿನ ಸುಮ್ಮನಿದ್ದ. 40,000 ಇನ್ನೂ ಬಂದಿಲ್ಲ. 33,600 ಉಳಿಯಿತು. ಅಕ್ಕನಿಗೆ ವಿಷಯ ಇನ್ನೂ ಗೊತ್ತಿಲ್ಲ.

ಸೋಮವಾರ ನನ್ನ ಏಳನೇ ತರಗತಿಯಲ್ಲಿ ಶೇಕಡಾವಾರು ಪಾಠ. ಈ ಸಲ ಮಾವಿನಹಣ್ಣಿನ ವ್ಯಾಪಾರಿಯ ಲೆಕ್ಕ ಬಿಟ್ಟು 37 ಮನೆಗಳ ಲೆಕ್ಕವನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ. ಮಕ್ಕಳಿಗೆ ಇದೆಲ್ಲ ಯಾಕೆ ಎಂದು ಯಾರಾದರೂ ಕೇಳಿಯಾರು. ಕೇಳಲಿ. ಜಾಹೀರಾತಿನವನು ಮಕ್ಕಳ ವಯಸ್ಸು ಕೇಳುತ್ತಿಲ್ಲವಲ್ಲ. ನೀವೇನಂತೀರಿ?