ಐದು ನಿಲ್ತದ, ಆರು ನಿಲ್ಲಲ್ಲ

ಬಿಇ ಮೊದಲ ವರ್ಷದ ಫಿಸಿಕ್ಸ್‌ನಲ್ಲಿ ಒಂದು ಡಬ್ಬಿ ಬರುತ್ತದೆ, ನೆನಪದ ಏನ್ರಿ? ಎರಡು ಗೋಡೆ, ನಡುವೆ ಒಂದು ಎಲೆಕ್ಟ್ರಾನು. ಶ್ರೋಡಿಂಗರ್ ಸಮೀಕರಣ ಬರಿ, ಗೋಡೆ ಹತ್ತಿರ ಸೊನ್ನೆ ಹಾಕು, ಶಕ್ತಿ ಎಷ್ಟಂತ ತೆಗಿ, ಅಡಿಗೆರೆ ಎಳಿ. ಹತ್ತು ಮಾರ್ಕು. "ಸರ್, ಇಂಥಾ ಡಬ್ಬಿ ಎಲ್ಲಿ ಅದರಿ?" ಅಂತ ಕೇಳಿದವನಿಗೆ, "ಪರೀಕ್ಷಾದಾಗ ಬರಲ್ಲ, ಕೂಡು."

ಡಬ್ಬಿ ಅದ. ಬೆಳ್ಳಿಯದು.

ಕಬ್ಬಿಣದ ಹರಳಿನ ಮೇಲೆ ಬೆಳ್ಳಿಯನ್ನು ಒಂದೊಂದೇ ಪರಮಾಣು ಪದರದ ಲೆಕ್ಕದಲ್ಲಿ ಹಾಸಬಹುದು. ಐದು ಪದರ ಸೇರಿದರೆ ಸುಮಾರು 1 ನ್ಯಾನೊಮೀಟರ್. ಕೆಳಗೆ ಕಬ್ಬಿಣ, ಮೇಲೆ ನಿರ್ವಾತ. ಎಲೆಕ್ಟ್ರಾನು ನಡುವೆ ಸಿಕ್ಕಿಬೀಳುತ್ತದೆ. ಎಲೆಕ್ಟ್ರಾನು ಅಲೆಯೂ ಹೌದಲ್ಲ, ಆ ದಪ್ಪಕ್ಕೆ ಹೊಂದುವ ಅಲೆಗಷ್ಟೇ ಅಲ್ಲಿ ಜಾಗ. ಒಂದು ಪದರ ಕೂಡಿಸಿದರೆ ಹೊಂದಾಣಿಕೆ ಬದಲು, ಒಟ್ಟು ಶಕ್ತಿಯೂ ಬದಲು.

2001ರಲ್ಲಿ ಟಿ.ಸಿ. ಚಿಯಾಂಗ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಇದನ್ನೇ ತೋರಿಸಿದರು. 1ರಿಂದ 15 ಪದರದವರೆಗೆ ಹಾಸಿ ಕಾಯಿಸಿದರು. 1, 2, 5 ಪದರದವು 800 ಕೆಲ್ವಿನ್ ದಾಟಿದರೂ ಅಲ್ಲಾಡಲಿಲ್ಲ. ಉಳಿದವು 400 ಕೆಲ್ವಿನ್ ಆಸುಪಾಸಿನಲ್ಲೇ, ಅಂದರೆ ರೊಟ್ಟಿ ಹಂಚಿನಷ್ಟೂ ಬಿಸಿಯಾಗದೆ, ಒಂದು ಕಡೆ ಪದರ ಹೆಚ್ಚಾಗಿ ಇನ್ನೊಂದು ಕಡೆ ಕಡಿಮೆಯಾಗಿ ಒಡೆದವು. ದಪ್ಪ ಇದ್ದಷ್ಟೂ ಗಟ್ಟಿ ಅನ್ನೋ ನಮ್ಮ ಲೆಕ್ಕ ಇಲ್ಲಿ ನಡೆಯಲ್ಲ.

"ಬಸವಕಲ್ಯಾಣ, ಹುಮನಾಬಾದ್ ಹುಡುಗರಿಗೆ ಇದೆಲ್ಲ ತಲೆಗೆ ಹೋಗಲ್ಲ, ಇಂಗ್ಲಿಷ್ ಬೇಕು" ಅಂತಾರೆ. ಸುಳ್ಳು. ಮೇಲಿನದೆಲ್ಲ ಕನ್ನಡದಲ್ಲೇ ಹೇಳಿದ್ದೀನಲ್ಲ? ಸತು-ತಾಮ್ರದ ಹೂಜಿಯಲ್ಲಿ ಬೆಳ್ಳಿ ತಂತಿ ಬಡಿದು ಕೂಡಿಸೋ ಬಿದರಿ ಕೆಲಸದ ಜಿಲ್ಲೆ ನಮ್ಮದು. ಬೆಳ್ಳಿ ನಮಗೇನು ಹೊಸದಲ್ಲ. ಹೊಸದು ಅಂದ್ರೆ, ಪ್ರಶ್ನೆ ಕೇಳಿದ ಹುಡುಗನಿಗೆ ಉತ್ತರ ಕೊಡೋದು.

"ಉಪಯೋಗ ಏನು?" ಅನ್ನೋರು ಇನ್ನೊಂದು ಗುಂಪು. ಕೇಂದ್ರ ಸರ್ಕಾರ 2023ರಲ್ಲಿ ನ್ಯಾಷನಲ್ ಕ್ವಾಂಟಮ್ ಮಿಷನ್‌ಗೆ 6,003 ಕೋಟಿ ರೂಪಾಯಿಗೂ ಹೆಚ್ಚು ಮಂಜೂರು ಮಾಡಿದೆ. ಅದರ ನಾಲ್ಕು ಹಬ್‌ಗಳಲ್ಲಿ ಒಂದು ಬೆಂಗಳೂರಿನ ಐಐಎಸ್‌ಸಿಯಲ್ಲಿದೆ. ಅಲ್ಲಿ ಕೆಲಸ ಮಾಡೋರು ಯಾರು? ಗೈಡ್ ಉರು ಹೊಡೆದವರಂತೂ ಅಲ್ಲ.

ಇದರಲ್ಲಿ ತಪ್ಪು ಮೇಷ್ಟ್ರದ್ದಷ್ಟೇ ಅಲ್ಲ. ಬೆಂಗಳೂರಲ್ಲಿ ಕೂತ ನಾವು ಹಬ್ಬಕ್ಕೆ ಊರಿಗೆ ಹೋಗಿ ತಮ್ಮಂದಿರಿಗೆ ಕೊಡೋ ಬುದ್ಧಿವಾದ ಏನು? "ಸಿಎಸ್ ತಗೋ, ಫಿಸಿಕ್ಸ್ ಪಾಸಾದ್ರ ಸಾಕು." ನಮಗೆ ಸಂಬಳ ಕೊಡೋ ಕಂಪ್ಯೂಟರಿನ ಚಿಪ್ಪೇ ನ್ಯಾನೊಮೀಟರ್ ಲೆಕ್ಕದ ಪದರಗಳ ಮೇಲೆ ನಿಂತಿದೆ. ಆ ಪದರ ಯಾಕೆ ನಿಲ್ಲುತ್ತದೆ ಅಂತ ತಿಳಿಯೋದು ಮಾತ್ರ ದಂಡದ ಕೆಲಸವಂತೆ!

ಈ ಸಲ ಹೋದಾಗ ಆ ಬುದ್ಧಿವಾದ ಬಿಡ್ರಿ. ಬೆಳ್ಳಿ ಐದು ಪದರ ನಿಲ್ತದ, ಆರು ನಿಲ್ಲಲ್ಲ ಅಂತಷ್ಟೇ ಹೇಳ್ರಿ. ಯಾಕ ಅಂತ ಅವರೇ ಕೇಳ್ತಾರ. ಆಗ ಮಾತ್ರ ಕೂಡು ಅನ್ನಬ್ಯಾಡ್ರಿ.